ಬೀಡು ಕಬ್ಬಿಣದ ಡಚ್ ಅವನ್: ವರ್ಷಗಟ್ಟಲೆ ಬ್ರೆಡ್ ಸುಟ್ಟ ಮೇಲೆ

ಇದು ಐದು ಲೀಟರಿನ ಬೀಡು ಕಬ್ಬಿಣದ ಡಚ್ ಅವನ್, ಅಂದರೆ ಮುಚ್ಚಳವಿರುವ ದಪ್ಪ ಪಾತ್ರೆ. ಎನಾಮಲ್ (ಗಾಜಿನಂಥ ಲೇಪ) ಇಲ್ಲದ್ದು. ಕೆಲವು ವರ್ಷಗಳಿಂದ ನಮ್ಮ ಮನೆಯ ಬ್ರೆಡ್ಡೆಲ್ಲ ಇದರಲ್ಲೇ ಆಗುತ್ತಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಡಬ್ಬದ ಮೇಲಿನ ‘ಪ್ರೀ-ಸೀಸನ್ಡ್’ (ಮೊದಲೇ ಎಣ್ಣೆ ಹಚ್ಚಿ ಪಳಗಿಸಿದ್ದು) ಎನ್ನುವ ಮಾತನ್ನು ನಂಬಿ ಕೂರಬೇಡಿ. ಆ ಎಣ್ಣೆಯ ಪದರ ತೀರಾ ತೆಳು. ಪಾತ್ರೆಯನ್ನು ನಾವೇ ಪಳಗಿಸಬೇಕು.

ಒಮ್ಮೆ ಸೋಪು ಹಾಕಿ ತೊಳೆದು, ಒಲೆಯ ಮೇಲಿಟ್ಟು ನೀರಿನ ಪಸೆ ಹೋಗುವವರೆಗೆ ಕಾಯಿಸಿ. ಬೆಚ್ಚಗಿರುವಾಗಲೇ ಒಳಗೆ, ಹೊರಗೆ, ಮುಚ್ಚಳಕ್ಕೆ, ಹಿಡಿಗೆ ಸೂರ್ಯಕಾಂತಿ ಎಣ್ಣೆ ಸವರಿ. ಆಮೇಲೆ ಒಣಬಟ್ಟೆಯಲ್ಲಿ, ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನಿಸುವಷ್ಟು ಒರೆಸಿ ತೆಗೆಯಿರಿ. ಗುಟ್ಟು ಇರುವುದೇ ಇಲ್ಲಿ. ಓಟಿಜಿಯಲ್ಲಿ (ಮನೆಯ ಕರೆಂಟ್ ಓವನ್) ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಅಲ್ಲೇ ಆರಲು ಬಿಡಿ. ಮೂರ್ನಾಲ್ಕು ಸಲ ಹೀಗೇ ಮಾಡಿ. ಆ ಕಾವಿಗೆ ಎಣ್ಣೆ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಜಾಸ್ತಿಯಾದರೆ ಮೈಯೆಲ್ಲ ಅಂಟಂಟು. ಅಗಸೆ ಎಣ್ಣೆಯನ್ನು ತುಂಬ ಜನ ಹೊಗಳುತ್ತಾರೆ. ಹೊಳಪೇನೋ ಬರುತ್ತದೆ, ಆದರೆ ಎಷ್ಟೋ ಸಲ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸುಮ್ನೆ ಯಾಕೆ ಖರ್ಚು? ಹಳೇ ದೋಸೆ ಕಾವಲಿ ಇರುವ ಮನೆಯವರಿಗೆ ಇದೆಲ್ಲ ಹೊಸದಲ್ಲ, ಅಲ್ವಾ?

ಇನ್ನು ಬ್ರೆಡ್. ನ್ಯೂಯಾರ್ಕಿನ ಬೇಕರ್ ಜಿಮ್ ಲಾಹಿ ಅವರ, ಹಿಟ್ಟು ನಾದದೆಯೇ ಮಾಡುವ ಬ್ರೆಡ್ 2006ರಲ್ಲಿ ಪತ್ರಿಕೆಯಲ್ಲಿ ಬಂದು ಮನೆಮಾತಾಯಿತು. ನನ್ನದೂ ಅದೇ ದಾರಿ. 500 ಗ್ರಾಂ ಮೈದಾ, 350 ಗ್ರಾಂ ನೀರು, 10 ಗ್ರಾಂ ಉಪ್ಪು, ಕಾಲು ಚಮಚ ಇನ್‌ಸ್ಟಂಟ್ ಯೀಸ್ಟ್. ಕಲಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಅವರ ಲೆಕ್ಕದಲ್ಲಿ 12ರಿಂದ 18 ಗಂಟೆ. ನಮ್ಮ ಬೇಸಿಗೆಯಲ್ಲಿ ಎಂಟು ಗಂಟೆಗೇ ಹಿಟ್ಟು ಗುಳ್ಳೆಗುಳ್ಳೆಯಾಗಿ ಉಬ್ಬಿರುತ್ತದೆ. ಗೋಧಿ ಹಿಟ್ಟು ಬೇಕೆಂದರೆ ಕಾಲು ಭಾಗ ಸೇರಿಸಿ. ಅದಕ್ಕಿಂತ ಜಾಸ್ತಿಯಾದರೆ ಬ್ರೆಡ್ ಗಟ್ಟಿಯಾಗುತ್ತದೆ.

ಹಿಟ್ಟನ್ನು ಉಂಡೆ ಮಾಡಿ ಒಂದು ಗಂಟೆ ಬಿಡಿ. ಅಷ್ಟರಲ್ಲಿ ಖಾಲಿ ಪಾತ್ರೆಯನ್ನು ಮುಚ್ಚಳದ ಸಮೇತ ಓಟಿಜಿಯಲ್ಲಿ 240 ಡಿಗ್ರಿಗೆ ಮುಕ್ಕಾಲು ಗಂಟೆ ಕಾಯಿಸಿ. ಬೇಕಿಂಗ್ ಪೇಪರ್ ಸಮೇತ ಹಿಟ್ಟನ್ನು ಒಳಗಿಳಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ. ಓಟಿಜಿಯಲ್ಲಿ ಹಬೆ ನಿಲ್ಲುವುದಿಲ್ಲ. ಹಿಟ್ಟು ಪೂರ್ತಿ ಉಬ್ಬುವ ಮೊದಲೇ ಮೇಲ್ಮೈ ಬಿರುಸಾಗುತ್ತದೆ. ಈ ಪಾತ್ರೆಯಲ್ಲಿ ಹಿಟ್ಟಿನದೇ ಹಬೆ ಒಳಗೆ ಉಳಿದು ಅದನ್ನು ಮೆತ್ತಗಿಡುತ್ತದೆ. ಮುಚ್ಚಳ ತೆಗೆದಾಗ ಬ್ರೆಡ್ ಚೆನ್ನಾಗಿ ಉಬ್ಬಿ, ನೆತ್ತಿ ಬಿರಿದು, ಬಿಳಿಚಿಕೊಂಡೇ ಇರುತ್ತದೆ. ಬಣ್ಣ ಬರುವುದು ಮುಚ್ಚಳವಿಲ್ಲದ ಕೊನೆಯ 15 ನಿಮಿಷದಲ್ಲಿ. ಹೊರಗೆ ತೆಗೆದಿಟ್ಟರೆ ಆರುತ್ತಾ ಆರುತ್ತಾ ಸಿಪ್ಪೆ ಚಟಚಟ ಅನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಖುಷಿ. ಒಂದು ಗಂಟೆ ಕತ್ತರಿಸಬೇಡಿ, ಒಳಗೆ ಹಸಿಹಸಿ ಅನ್ನಿಸುತ್ತದೆ.

ತೊಂದರೆಗಳೂ ಇವೆ. ತಳ ಬೇಗ ಸೀಯುತ್ತದೆ. ಪಾತ್ರೆಯ ಕೆಳಗಿನ ಅಂತಸ್ತಿನಲ್ಲಿ ಖಾಲಿ ಟ್ರೇ ಇಟ್ಟರೆ ತಡೆಯಬಹುದು. ಹುಳಿ, ಟೊಮೇಟೊ ಗೊಜ್ಜು ಇದರಲ್ಲಿ ಕುದಿಸಿದರೆ ಪಳಗಿಸಿದ ಪದರ ಎದ್ದುಹೋಗುತ್ತದೆ. ನಮ್ಮಲ್ಲಿ ಇದು ಬ್ರೆಡ್ಡಿಗೇ ಮೀಸಲು, ಹಾಗಾಗಿ ತೊಳೆಯುವ ಕೆಲಸವೂ ಕಡಿಮೆ. ಮಳೆಗಾಲದಲ್ಲಿ ಮಾತ್ರ ಎಣ್ಣೆ ಬಟ್ಟೆ ಆಡಿಸಿ, ಮುಚ್ಚಳದ ಸಂದಿಗೆ ಕಾಗದ ಮಡಿಸಿಟ್ಟು ಗಾಳಿಯಾಡಲು ಬಿಡುತ್ತೇನೆ. ತುಕ್ಕು ಬಂದಿಲ್ಲ.

ಭಾರ ಮಾತ್ರ ಸಣ್ಣದಲ್ಲ. ಕೆಂಡದಂತೆ ಕಾದ ಪಾತ್ರೆಯನ್ನು ಎತ್ತಿ ಇಳಿಸಬೇಕು, ಮೊಣಕೈವರೆಗೆ ಬರುವ ದಪ್ಪ ಗ್ಲೌಸ್ ಬೇಕೇ ಬೇಕು. ಮಣಿಕಟ್ಟು ನೋವಿರುವವರು ಮೂರು ಲೀಟರಿನದ್ದು ತೆಗೆದುಕೊಳ್ಳಿ, ಹಿಟ್ಟು ಅರ್ಧ ಮಾಡಿದರಾಯಿತು. ಆರ್ಡರ್ ಮಾಡುವ ಮೊದಲು ಓಟಿಜಿಯ ಒಳಗಿನ ಎತ್ತರ ಅಳೆಯಿರಿ. ಮುಚ್ಚಳದ ಹಿಡಿಗೂ ಮೇಲಿನ ಕಾಯಿಲ್‌ಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು.