‘ಸೆಟಪ್ ಆಗಿದೆ, ಬೈಂಡ್ ಮಾಡಿ ಹಾರಿಸಿ’ ಎಂದು ಮಾರುವ ಹಳೇ ಆರ್‌ಸಿ ಹೆಲಿಕಾಪ್ಟರ್ ಬಗ್ಗೆ ಎಚ್ಚರ

ಸೆಕೆಂಡ್ ಹ್ಯಾಂಡ್ 450 ಗಾತ್ರದ, ರಿಮೋಟಿನಿಂದ ಹಾರಿಸುವ (ಆರ್‌ಸಿ) ಹೆಲಿಕಾಪ್ಟರ್. ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡುವ ಅಡ್ಡ ಸರಳು) ಇಲ್ಲದ, ಆ ಕೆಲಸಕ್ಕೆ ಗೈರೊ ಎಂಬ ಎಲೆಕ್ಟ್ರಾನಿಕ್ ಯೂನಿಟ್ ಇರುವ ಮಾಡೆಲ್. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಇಲ್ಲ, ಉಳಿದದ್ದೆಲ್ಲ ಇದೆ. ‘ಪೂರ್ತಿ ಸೆಟಪ್ ಆಗಿದೆ, ನಿಮ್ಮ ರಿಮೋಟಿಗೆ ಬೈಂಡ್ ಮಾಡಿ ಹಾರಿಸಿ, ಅಷ್ಟೇ’ ಎಂದು ಮಾರಿದವರ ಮಾತು. ಕೊಂಡವರು ಈ ಹವ್ಯಾಸಕ್ಕೆ ಹೊಸಬರು. ಬೈಂಡ್ ಮಾಡಿದರು, ಅಂದರೆ ರಿಮೋಟನ್ನೂ ಯಂತ್ರದ ರಿಸೀವರನ್ನೂ ಜೋಡಿ ಮಾಡಿದರು; ಉಲ್ಟಾ ಆಗುತ್ತಿದ್ದ ಒಂದು ದಿಕ್ಕನ್ನು ಗೈರೊ ಆ್ಯಪ್‌ನಲ್ಲಿ ಬದಲಿಸಿ, ಮತ್ತೆ ಸ್ಟಿಕ್ ಆಡಿಸಿ ನೋಡಿದರು, ಎಲ್ಲ ಸರಿಯಾಗಿ ಕಂಡಿತು. ಥ್ರಾಟಲ್ ಏರಿಸಿದರು. ರೋಟರ್ ಪೂರ್ತಿ ವೇಗಕ್ಕೆ ಬರುವ ಮೊದಲೇ ಒಂದು ಬದಿಯ ಸ್ಕಿಡ್ ಮೇಲೆದ್ದು ಯಂತ್ರ ಮಗುಚಿತು.

ನೆಲಕ್ಕೆ ಬಡಿದ ಬ್ಲೇಡು ಮುರಿಯಿತು, ಇನ್ನೊಂದು ಬ್ಲೇಡು ಬಾಲದ ಬೂಮನ್ನೇ ಕಡಿಯಿತು. ಬೆಲ್ಟ್ ತುಂಡಾಯಿತು, 5 ಮಿ.ಮೀ. ಮೇನ್ ಶಾಫ್ಟ್ ಮತ್ತು ಸ್ಪಿಂಡಲ್ (ಎರಡು ಬ್ಲೇಡುಗಳನ್ನೂ ಹಿಡಿದಿರುವ ಅಡ್ಡ ಕಂಬಿ) ಬಾಗಿದವು, ಮೇನ್ ಗೇರಿನ ಹಲ್ಲು ಸವರಿಹೋದವು, ಒಂದು ಸರ್ವೊದ (ಭಾಗಗಳನ್ನು ಆಡಿಸುವ ಪುಟ್ಟ ಮೋಟರಿನ) ಗೇರು ಪುಡಿಯಾಯಿತು. ಹಾರಿಸುವವರು ನಿಂತಿದ್ದದ್ದು ಹತ್ತು ಅಡಿ ದೂರದಲ್ಲಿ. ಬ್ಲೇಡಿನ ಚೂರು ಅವರ ಪಕ್ಕದಿಂದಲೇ ಹೋಗಿ ಕಾಂಪೌಂಡಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೃಷ್ಟ ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ.

450 ಎಂದರೆ ಈ ಹವ್ಯಾಸದಲ್ಲಿ ಸಣ್ಣದು ಎಂದೇ ಲೆಕ್ಕ. ಆದರೆ ಲೆಕ್ಕ ಹಾಕಿ ನೋಡಿ: 325 ಮಿ.ಮೀ. ಬ್ಲೇಡು, ಸುಮಾರು 71 ಸೆಂ.ಮೀ. ವ್ಯಾಸದ ರೋಟರ್, ನಿಮಿಷಕ್ಕೆ 2600 ಸುತ್ತು. ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 350 ಕಿ.ಮೀ. ಇದಕ್ಕಿಂತ ದೊಡ್ಡ ಗಾತ್ರಗಳ ವಿಷಯ ಹೇಳುವುದೇ ಬೇಡ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಪಾರ್ಕ್ ಒಂದರಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ಬ್ಲೇಡು ತಲೆಗೆ ಬಡಿದು ಸ್ಥಳದಲ್ಲೇ ತೀರಿಕೊಂಡ. ಅವನು ಹೊಸಬನಾಗಿರಲಿಲ್ಲ. ಆಟಿಕೆ ಎಂದು ಮನೆಗೆ ತರುವವರು ಈ ವಿಷಯ ಮೊದಲೇ ತಿಳಿದಿರಬೇಕು.

ಇನ್ನು ಈ ಯಂತ್ರ ಮಗುಚಿದ್ದೇಕೆ? ಸ್ಟಿಕ್ ಸರಿಯಾಗಿತ್ತು, ಗೈರೊ ಉಲ್ಟಾ ಆಗಿತ್ತು. ಇದು ಹೇಗಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಟ್ರಾನ್ಸ್‌ಮಿಟರ್ ಇಲ್ಲದೆ ಹೆಲಿ ಕೊಳ್ಳುವ ಯಾರಿಗೂ ಇದೇ ಗತಿ ಬರಬಹುದು.

ಹೆಲಿಕಾಪ್ಟರಿನ ಸೆಟಪ್ ಅರ್ಧ ಇರುವುದು ಗೈರೊ ಯೂನಿಟ್ಟಿನಲ್ಲಿ, ಇನ್ನರ್ಧ ಟ್ರಾನ್ಸ್‌ಮಿಟರಿನಲ್ಲಿ. ಮಾರುವವರು ಟ್ರಾನ್ಸ್‌ಮಿಟರ್ ಇಟ್ಟುಕೊಂಡರೆ ಆ ಅರ್ಧವನ್ನೂ ಇಟ್ಟುಕೊಂಡ ಹಾಗೆ. ಚಾನೆಲ್‌ಗಳ ಕ್ರಮವೇ ಕಂಪನಿಯಿಂದ ಕಂಪನಿಗೆ ಬೇರೆ: ಫುಟಾಬಾ, ಫ್ಲೈಸ್ಕೈಗಳಲ್ಲಿ ಏಲೆರಾನ್ (ಎಡಬಲಕ್ಕೆ ವಾಲಿಸುವುದು), ಎಲಿವೇಟರ್ (ಹಿಂದೆಮುಂದೆ ವಾಲಿಸುವುದು), ಥ್ರಾಟಲ್ (ಮೋಟರಿನ ಶಕ್ತಿ), ರಡ್ಡರ್ (ಮೂತಿ ತಿರುಗಿಸುವುದು); ಸ್ಪೆಕ್ಟ್ರಮ್‌ನಲ್ಲಿ ಥ್ರಾಟಲ್ ಮೊದಲು. ಹಳೆಯ ರಿಮೋಟಿನಲ್ಲಿ ಯಾವ ಚಾನೆಲ್ ರಿವರ್ಸ್ ಆಗಿತ್ತೋ ಹೊಸದರಲ್ಲಿ ಅದು ಇರುವುದಿಲ್ಲ. ಹಾಗಾಗಿ ಬೈಂಡ್ ಆದ ಕೂಡಲೇ ಬಲಕ್ಕೆ ಒತ್ತಿದರೆ ಸ್ವಾಷ್‌ಪ್ಲೇಟ್ (ರೋಟರಿನ ಕೆಳಗಿನ, ಬ್ಲೇಡುಗಳ ಕೋನ ಬದಲಿಸುವ ತಟ್ಟೆ) ಎಡಕ್ಕೆ ವಾಲಬಹುದು; ಈ ಯಂತ್ರದಲ್ಲೂ ಹಾಗೇ ಆಯಿತು. ಸರಿಯಾದ ಪರಿಹಾರ ಟ್ರಾನ್ಸ್‌ಮಿಟರಿನಲ್ಲಿ ಏಲೆರಾನ್ ಚಾನೆಲ್ ರಿವರ್ಸ್ ಮಾಡುವುದು. ಇಲ್ಲಿ ಮಾಡಿದ್ದು ಬೇರೆ. ಗೈರೊ ಆ್ಯಪ್ ತೆರೆದು, ಅಲ್ಲಿ ಏಲೆರಾನ್ ಮಿಕ್ಸಿಂಗಿನ (ಒಂದು ಆಜ್ಞೆಯನ್ನು ಸರ್ವೊಗಳಿಗೆ ಹಂಚುವ ಲೆಕ್ಕದ) ದಿಕ್ಕು ಬದಲಿಸಲಾಯಿತು. ಸ್ಟಿಕ್ ಸರಿಯಾಯಿತು. ಆದರೆ ಗೈರೊ ತಾನಾಗಿ ಕೊಡುವ ತಿದ್ದುಪಡಿಯೂ ಹೋಗುವುದು ಅದೇ ಮಿಕ್ಸಿಂಗಿನ ಮೂಲಕ. ಅದೂ ತಿರುಗಿಬಿತ್ತು. ಯಂತ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿದರೆ ಗೈರೊ ಅದನ್ನು ಇನ್ನಷ್ಟು ಎಡಕ್ಕೆ ತಳ್ಳುತ್ತದೆ. ರೋಟರಿಗೆ ಬಲ ಬಂದ ಮರುಗಳಿಗೆಯೇ ಮಗುಚುತ್ತದೆ; ಯಾವ ಪರಿಣತನ ಬೆರಳೂ ಅದನ್ನು ತಡೆಯಲಾರದು.

ಇದನ್ನು ಪತ್ತೆ ಹಚ್ಚಲು ಅರ್ಧ ನಿಮಿಷ ಸಾಕು. ಮೋಟರಿನ ಮೂರು ವೈರುಗಳಲ್ಲಿ ಎರಡನ್ನು ಬಿಚ್ಚಿ, ಅವುಗಳ ಬಾಯಿಗೆ ಬೇರೆಬೇರೆಯಾಗಿ ಟೇಪ್ ಸುತ್ತಿ, ಬ್ಯಾಟರಿ ಕೊಡಿ. ಗೈರೊ ಸಿದ್ಧವಾಗುವ ತನಕ ಯಂತ್ರವನ್ನು ಅಲುಗಾಡಿಸಬೇಡಿ. ಆಮೇಲೆ ಸ್ಟಿಕ್ ಮುಟ್ಟದೆ ಹೆಲಿಯನ್ನು ಕೈಯಲ್ಲಿ ಹಿಡಿದು ಚುರುಕಾಗಿ ಎಡಕ್ಕೆ ವಾಲಿಸಿ. ಸ್ವಾಷ್‌ಪ್ಲೇಟ್ ಬಲಕ್ಕೆ ಬಾಗಬೇಕು. ಮೂತಿ ಕೆಳಗೆ ಮಾಡಿ. ಸ್ವಾಷ್‌ಪ್ಲೇಟ್ ಹಿಂದಕ್ಕೆ ಬಾಗಬೇಕು. ಒಟ್ಟಿನಲ್ಲಿ ದೇಹ ಎತ್ತ ವಾಲಿದರೂ ಸ್ವಾಷ್‌ಪ್ಲೇಟ್ ನೆಲಕ್ಕೆ ಸಮಾನಾಂತರವಾಗಿ ಉಳಿಯಲು ನೋಡುತ್ತಿರಬೇಕು. ಮೂತಿಯನ್ನು ಬಲಕ್ಕೆ ತಿರುಗಿಸಿದರೆ ಟೈಲ್ ಸರ್ವೊ ನೀವು ಎಡ ರಡ್ಡರ್ ಕೊಟ್ಟಾಗ ಎತ್ತ ಓಡುತ್ತದೋ ಅತ್ತಲೇ ಓಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಅವತ್ತು ಹಾರಿಸುವ ಮಾತಿಲ್ಲ. ಗೈರೊ ಬದಲಿಸಿದಾಗ, ಫರ್ಮ್‌ವೇರ್ ಹಾಕಿದಾಗ, ಸರ್ವೊ ವೈರು ಕಿತ್ತು ಮತ್ತೆ ಸಿಕ್ಕಿಸಿದಾಗ, ಪ್ರತಿಸಲವೂ ಈ ಪರೀಕ್ಷೆ ಮಾಡಬೇಕು.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ಎರಡೆರಡು ಸಲ ಮಿಕ್ಸಿಂಗ್. ಫ್ಲೈಬಾರ್‌ಲೆಸ್ ಹೆಲಿಯಲ್ಲಿ ಮೂರು ಸರ್ವೊಗಳ 120 ಡಿಗ್ರಿ ಮಿಕ್ಸಿಂಗ್ ಮಾಡುವುದು ಗೈರೊ ಯೂನಿಟ್. ಟ್ರಾನ್ಸ್‌ಮಿಟರಿನಲ್ಲೂ ಸ್ವಾಷ್ ಟೈಪ್ 120 ಎಂದು ಇಟ್ಟರೆ ಕಲೆಕ್ಟಿವ್ (ಎರಡೂ ಬ್ಲೇಡುಗಳ ಕೋನ ಒಟ್ಟಿಗೆ ಬದಲಿಸುವುದು) ಕೊಟ್ಟಾಗ ಸ್ವಾಷ್‌ಪ್ಲೇಟ್ ನೇರ ಏರದೆ ಓರೆಯಾಗುತ್ತದೆ. ಒಂದೇ ಸರ್ವೊ ಇರುವ ಟೈಪ್ ಆರಿಸಿ. ಕೆಲವು ರಿಮೋಟುಗಳಲ್ಲಿ ಅದರ ಹೆಸರು ನಾರ್ಮಲ್, ಕೆಲವುಗಳಲ್ಲಿ ಎಚ್1 ಅಥವಾ 90. ಹೊಸ ಮಾಡೆಲ್ ಮೆಮೊರಿ ತೆರೆದು ಟ್ರಿಮ್, ಸಬ್‌ಟ್ರಿಮ್ ಎಲ್ಲ ಸೊನ್ನೆ, ಎಂಡ್‌ಪಾಯಿಂಟ್ 100, ಬೇರೆ ಯಾವ ಮಿಕ್ಸೂ ಇಲ್ಲ ಎಂಬಲ್ಲಿಂದಲೇ ಶುರು ಮಾಡಿ.

ನೆಲದ ಮೇಲಿದ್ದಾಗ ಸ್ವಾಷ್‌ಪ್ಲೇಟ್ ತಾನಾಗಿ ನಿಧಾನಕ್ಕೆ ಒಂದು ಕಡೆ ಸರಿದುಕೊಂಡು ಹೋಗುವುದು ಮಾತ್ರ ದೋಷವಲ್ಲ. ಗೈರೊ ತಿದ್ದಲು ನೋಡುತ್ತದೆ, ನೆಲಕ್ಕೆ ಕಚ್ಚಿಕೊಂಡ ಯಂತ್ರ ಅಲುಗುವುದಿಲ್ಲ, ತಿದ್ದುಪಡಿ ಕೂಡುತ್ತಾ ಹೋಗುತ್ತದೆ. ಹೊಸಬರು ಅದನ್ನು ಸ್ಟಿಕ್‌ನಿಂದ ಸರಿಪಡಿಸಲು ಹೋಗಿ ಮಗುಚುವುದೇ ಹೆಚ್ಚು. ಸ್ಟಿಕ್ ನಡುವೆ ಬಿಟ್ಟು, ವೇಗ ಪೂರ್ತಿ ಬಂದ ಮೇಲೆ ತಡಮಾಡದೆ ನೆಲ ಬಿಡಿಸಬೇಕು.

ಮುರಿದ ಯಂತ್ರವನ್ನು ಮೇಜಿನ ಮೇಲೆ ಬಿಚ್ಚಿದಾಗ ಬಯಲಾದ ಉಳಿದ ವಿಷಯಗಳು ಮೊದಲನೆಯದಕ್ಕಿಂತ ಗಾಬರಿ ಹುಟ್ಟಿಸಿದವು. ಅವತ್ತು ಮಗುಚದೆ ಮೇಲೆ ಹೋಗಿದ್ದರೆ ಇನ್ನೂ ದೊಡ್ಡ ಅನಾಹುತವಾಗುತ್ತಿತ್ತು.

ಬ್ಲೇಡ್ ಗ್ರಿಪ್ಪಿನೊಳಗೆ ಒಂದು ಥ್ರಸ್ಟ್ ಬೇರಿಂಗ್ ಇರುತ್ತದೆ: ಎರಡು ವಾಷರ್, ನಡುವೆ ಗುಂಡುಗಳಿರುವ ಕೇಜ್. ನೋಡಲು ಎರಡೂ ವಾಷರ್ ಒಂದೇ. ಸ್ಪಿಂಡಲ್‌ಗೆ ಒಂದೊಂದನ್ನೇ ತೂರಿಸಿ ನೋಡಿದರೆ ಒಂದು ಬಿಗಿಯಾಗಿ ಕೂರುತ್ತದೆ, ಇನ್ನೊಂದು ಸ್ವಲ್ಪ ಸಡಿಲ. ಸಡಿಲವಾದದ್ದು ಒಳಗೆ, ಹಬ್ಬಿನ ಕಡೆ ಇರಬೇಕು. ಬಿಗಿಯಾದದ್ದು ಹೊರಗೆ, ಸ್ಕ್ರೂ ಕಡೆ. ಈ ಯಂತ್ರದ ಒಂದು ಗ್ರಿಪ್ಪಿನಲ್ಲಿ ಅದಲು ಬದಲಾಗಿತ್ತು. ಗ್ರೀಸ್ ಒಣಗಿ ಕಪ್ಪಾಗಿತ್ತು, ವಾಷರಿನ ಮೇಲೆ ಗುಂಡುಗಳ ಗೀರು ಕಾಣುತ್ತಿತ್ತು. ಸ್ಪಿಂಡಲಿನ ತುದಿಯ ಸ್ಕ್ರೂಗೆ ಥ್ರೆಡ್‌ಲಾಕ್‌ನ (ಸ್ಕ್ರೂ ಸಡಿಲಾಗದಂತೆ ಹಾಕುವ ಅಂಟಿನ) ಗುರುತೇ ಇರಲಿಲ್ಲ. 30 ಗ್ರಾಂ ತೂಕದ ಬ್ಲೇಡು 2600 ಸುತ್ತಿನಲ್ಲಿ ಹೊರಗೆಳೆಯುವ ಬಲ 40 ಕೆ.ಜಿ. ನೇತುಹಾಕಿದ್ದಕ್ಕಿಂತ ಹೆಚ್ಚು. ಅಷ್ಟನ್ನೂ ಹಿಡಿಯುವುದು ಆ ಪುಟ್ಟ ಸ್ಕ್ರೂ. ಅದು ಬಿಟ್ಟರೆ ಬ್ಲೇಡು ಗ್ರಿಪ್ಪಿನ ಸಮೇತ ಹಾರಿಹೋಗುತ್ತದೆ.

ಹಳೇ ಹೆಲಿ ಕೊಂಡವರು ಹೆಡ್ಡನ್ನು ಪೂರ್ತಿ ಬಿಚ್ಚಿ ಕಟ್ಟಲೇಬೇಕು. ಲೋಹಕ್ಕೆ ಲೋಹ ಸೇರುವ ಪ್ರತಿ ಸ್ಕ್ರೂವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ನೀಲಿ ಥ್ರೆಡ್‌ಲಾಕ್ ಒಂದು ಚುಕ್ಕೆ ಹಾಕಿ. ಕೆಂಪು ಬೇಡ, ಮುಂದೆ ಬಿಚ್ಚಲು ಆಗುವುದಿಲ್ಲ. ಪ್ಲಾಸ್ಟಿಕ್‌ಗೆ ತಾಗಿಸಲೇಬೇಡಿ, ಬಿರುಕು ಬಿಡುತ್ತದೆ. ಬೇರಿಂಗ್ ಒಳಗೆ ಇಳಿಯದಂತೆಯೂ ನೋಡಿಕೊಳ್ಳಿ. ಸ್ಪಿಂಡಲ್ ಮತ್ತು ಮೇನ್ ಶಾಫ್ಟನ್ನು ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಮಿಣುಕಿದರೆ ಬಾಗಿದೆ ಎಂದರ್ಥ. ನೇರ ಮಾಡಲು ಹೋಗದೆ ಹೊಸದು ಹಾಕಿ. ಬ್ಲೇಡುಗಳೆರಡರ ತೂಕವೂ ಸಮತೋಲನ ಬಿಂದುವೂ ಒಂದೇ ಇರಬೇಕು. ಬ್ಲೇಡ್ ಬೋಲ್ಟಿನ ಬಿಗಿ ಎಷ್ಟೆಂದರೆ, ಹೆಲಿಯನ್ನು ಮಗ್ಗುಲಿಗೆ ಹಿಡಿದಾಗ ಬ್ಲೇಡು ತಾನಾಗಿ ಜೋತುಬೀಳಬಾರದು, ಸಣ್ಣಗೆ ಕುಲುಕಿದರೆ ಸರಿಯಬೇಕು.

ಫೇಲ್‌ಸೇಫ್ (ಸಿಗ್ನಲ್ ಕಡಿದಾಗ ಮೋಟರ್ ತಾನಾಗಿ ನಿಲ್ಲುವ ವ್ಯವಸ್ಥೆ) ವಿಷಯ ಒಂದೇ ಮಾತು: ಮೋಟರ್ ಬಿಚ್ಚಿದ ಸ್ಥಿತಿಯಲ್ಲೇ ಥ್ರಾಟಲ್ ಅರ್ಧಕ್ಕೆ ಏರಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಥ್ರಾಟಲ್ ಚಾನೆಲ್ಲಿಗೆ ತಾತ್ಕಾಲಿಕವಾಗಿ ಸಿಕ್ಕಿಸಿದ ಬೇರೊಂದು ಸರ್ವೊ ಸೊನ್ನೆಗೆ ಬರುತ್ತದೋ ನೋಡಿ. ಇಲ್ಲಿ ಬರಲಿಲ್ಲ, ಕೊನೆಯ ಸ್ಥಾನದಲ್ಲೇ ನಿಂತಿತು. ಸಿಗ್ನಲ್ ಕಡಿದರೆ ಇಂಥ ಯಂತ್ರ ಮೋಟರ್ ನಿಲ್ಲಿಸದೆ ಹಾರಿಕೊಂಡು ಹೋಗುತ್ತದೆ.

ಹಳೆಯ ಇಎಸ್‌ಸಿಗಳೊಳಗಿನ (ಮೋಟರಿನ ವೇಗ ನಿಯಂತ್ರಿಸುವ ಯೂನಿಟ್) ಬಿಇಸಿ, ಅಂದರೆ ರಿಸೀವರಿಗೂ ಸರ್ವೊಗಳಿಗೂ ವಿದ್ಯುತ್ ಕೊಡುವ ಭಾಗ, ನಾಲ್ಕು ಡಿಜಿಟಲ್ ಸರ್ವೊಗಳಿಗೆ ಸಾಲದೆ ಹೋಗುವುದುಂಟು. ರಿಸೀವರಿನ ಖಾಲಿ ಪೋರ್ಟಿಗೆ ವೋಲ್ಟ್‌ಮೀಟರ್ ಹಾಕಿ ಎರಡೂ ಸ್ಟಿಕ್ ಜೋರಾಗಿ ತಿರುವಿ. 5 ವೋಲ್ಟ್ ಇದ್ದದ್ದು 4.5ಕ್ಕಿಂತ ಕೆಳಗಿಳಿದರೆ ಬೇರೆ ಬಿಇಸಿ ಹಾಕಿ. ಇಎಸ್‌ಸಿಯಲ್ಲಿ ಸಾಫ್ಟ್ ಸ್ಟಾರ್ಟ್ (ಮೋಟರ್ ನಿಧಾನಕ್ಕೆ ವೇಗ ಹಿಡಿಯುವುದು) ಆನ್ ಇರಲಿ, ಇಲ್ಲದಿದ್ದರೆ ಮೊದಲ ಏಟಿಗೇ ಗೇರಿನ ಹಲ್ಲು ಹೋಗುತ್ತದೆ.

ಯಂತ್ರದ ಜೊತೆ ‘ಫ್ರೀ’ ಎಂದು ಕೊಡುವ ಲೈಪೊ ಬ್ಯಾಟರಿ ಉಬ್ಬಿದ್ದರೆ ಮನೆಯೊಳಗೆ ತರಬೇಡಿ. ಸರಿಯಿದ್ದರೂ ಮೂರು ಸೆಲ್ಲುಗಳ ನಡುವೆ 0.05 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅನುಮಾನಪಡಿ. 2200 ಎಂಎಎಚ್ ಪ್ಯಾಕಿಗೆ 2.2 ಆಂಪ್‌ಗಿಂತ ಹೆಚ್ಚು ಕೊಡದೆ, ಬ್ಯಾಲೆನ್ಸ್ ವೈರ್ ಹಾಕಿ, ಪಕ್ಕದಲ್ಲೇ ಇದ್ದು ಚಾರ್ಜ್ ಮಾಡಿ. ಒಂದು ಹಾರಾಟದಲ್ಲಿ 1760 ಎಂಎಎಚ್‌ಗಿಂತ ಹೆಚ್ಚು ಖರ್ಚಾಗದಂತೆ ಟೈಮರ್ ಇಡಿ. ಸುಮ್ಮನೆ ಇಡುವಾಗ ಸೆಲ್ಲಿಗೆ 3.8 ವೋಲ್ಟ್.

ಎಲ್ಲ ಸರಿಪಡಿಸಿದ ಮೇಲೆ ಜೋಡಿಸುವ ಲೆಕ್ಕ ಹೀಗೆ. ಕಲೆಕ್ಟಿವ್ ನಡುವೆ ಇದ್ದಾಗ ಸರ್ವೊ ಆರ್ಮ್‌ಗಳು ಲಿಂಕ್‌ಗೆ 90 ಡಿಗ್ರಿ, ಸ್ವಾಷ್‌ಪ್ಲೇಟ್ ಮೇನ್ ಶಾಫ್ಟಿಗೆ 90 ಡಿಗ್ರಿ, ಪಿಚ್ ಗೇಜಿನಲ್ಲಿ (ಬ್ಲೇಡಿನ ಕೋನ ಅಳೆಯುವ ಸಾಧನ) ಬ್ಲೇಡು ಸೊನ್ನೆ ಡಿಗ್ರಿ. ಎರಡು ತುದಿಗಳಲ್ಲಿ ಪ್ಲಸ್ 10, ಮೈನಸ್ 10. ಯಾವ ಮೂಲೆಗೆ ಸ್ಟಿಕ್ ಒಯ್ದರೂ ಏನೂ ತಗಲಬಾರದು, ಸರ್ವೊ ಗುಂಯ್‌ಗುಟ್ಟಬಾರದು. ಕಲಿಯುವಾಗ ಪಿಚ್ ಕರ್ವಿನ ಕೆಳತುದಿಯನ್ನು ಮೈನಸ್ 3ಕ್ಕೆ ತನ್ನಿ. ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು) 5-6 ಡಿಗ್ರಿ ಆಸುಪಾಸಿನಲ್ಲಿ ಸಿಗುತ್ತದೆ. ಥ್ರಾಟಲ್ ಹೋಲ್ಡ್ (ಮೋಟರನ್ನು ತಕ್ಷಣ ನಿಲ್ಲಿಸುವುದು) ಒಂದು ಸ್ವಿಚ್ಚಿನಲ್ಲಿ ಇರಲೇಬೇಕು, ಬೆರಳು ನೋಡದೆಯೇ ತಲುಪುವಂತಿರಬೇಕು. ಮೊದಲು ಟ್ರಾನ್ಸ್‌ಮಿಟರ್ ಆನ್, ಹೋಲ್ಡ್ ಹಾಕಿದ್ದು ಖಚಿತ, ಆಮೇಲೆ ಬ್ಯಾಟರಿ. ತೆಗೆಯುವಾಗ ಇದರ ತಿರುವುಮುರುವು.

ಮೊದಲ ಸಲ ಮೇನ್ ಬ್ಲೇಡು, ಟೈಲ್ ಬ್ಲೇಡು ತೆಗೆದು ಕಡಿಮೆ ವೇಗದಲ್ಲಿ ಓಡಿಸಿ ನಡುಕ, ಗೇರಿನ ಸದ್ದು ಗಮನಿಸಿ. ನಂತರ ಬ್ಲೇಡು ಹಾಕಿ ಖಾಲಿ ಮೈದಾನದಲ್ಲಿ, ಹತ್ತು ಮೀಟರಿಗೆ ಕಡಿಮೆಯಿಲ್ಲದೆ ನಿಂತು ಮಾಡಿ. ಕಾರ್ಬನ್ ಬ್ಲೇಡಿನ ಬದಲು ಮರದ ಬ್ಲೇಡು ಹಾಕಿದರೆ ಬಿದ್ದಾಗ ಅವೇ ಮುರಿದು ಉಳಿದ ಭಾಗಗಳಿಗೆ ಬೀಳುವ ಏಟು ಕಡಿಮೆಯಾಗುತ್ತದೆ. ಮನೆಯ ತಾರಸಿ, ಬಡಾವಣೆಯ ರಸ್ತೆ, ಮಕ್ಕಳಾಡುವ ಪಾರ್ಕು ಯಾವುದೂ ಬೇಡ.

ನಿಜ ಹೇಳಬೇಕೆಂದರೆ, ಮೊದಲ ಹೆಲಿ 450 ಆಗಲೇಬಾರದು. ಹೆಲಿ-ಎಕ್ಸ್, ರಿಯಲ್‌ಫ್ಲೈಟ್‌ನಂಥ ಸಿಮ್ಯುಲೇಟರಿನಲ್ಲಿ ಬಾಲ ತನ್ನ ಕಡೆ, ಎಡ, ಬಲ, ಕೊನೆಗೆ ಮೂತಿ ತನ್ನ ಕಡೆ, ಹೀಗೆ ನಾಲ್ಕೂ ದಿಕ್ಕಿನ ಹೋವರ್ ಯೋಚಿಸದೆ ಬರುವ ತನಕ ಕೈ ಪಳಗಿಸಿ. ಆಮೇಲೆ ಎಕ್ಸ್‌ಕೆ ಕೆ110 ತರದ, 50 ಗ್ರಾಂ ಆಸುಪಾಸಿನ ಕಲೆಕ್ಟಿವ್ ಪಿಚ್ ಹೆಲಿ. ಬಿದ್ದರೂ ದೊಡ್ಡ ಅನಾಹುತವಿಲ್ಲ, ಕಲಿಯುವುದೆಲ್ಲ ಅದರಲ್ಲೇ ಇದೆ.

ಕಾನೂನಿನ ಕಡೆಗೂ ಗಮನವಿರಲಿ. 2021ರ ಡ್ರೋನ್ ನಿಯಮಗಳಲ್ಲಿ 25 ಕೆ.ಜಿ. ಮೀರದ, ಹವ್ಯಾಸಕ್ಕೆ ಕಣ್ಣಳತೆಯಲ್ಲಿ ಹಾರಿಸುವ ಮಾಡೆಲ್‌ಗಳ ಪ್ರಸ್ತಾಪವಿದೆ, ಕೆಂಪು ಹಳದಿ ಹಸಿರು ವಲಯಗಳ ನಕ್ಷೆಯೂ ಇದೆ. ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು, ಕೆಂಪೇಗೌಡ ನಿಲ್ದಾಣ ಇರುವ ಬೆಂಗಳೂರಿನಲ್ಲಿ ನಕ್ಷೆ ನೋಡದೆ ಮೈದಾನ ಆರಿಸಬೇಡಿ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಡ್ರೋನ್ ಆಮದನ್ನು ನಿಷೇಧಿಸಿದೆ. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ. ಇಡೀ ಯಂತ್ರ ಹೊರದೇಶದಿಂದ ತರಿಸುವವರು ಕಸ್ಟಮ್ಸ್ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಹಳೆಯದನ್ನೇ ಕೊಳ್ಳುವುದಾದರೆ, ಹಣ ಕೊಡುವ ಮೊದಲು ಮಾರುವವರ ಎದುರಿಗೇ ನಾಲ್ಕು ಕೆಲಸ ಮಾಡಿಸಿ: ಅವರದೇ ಟ್ರಾನ್ಸ್‌ಮಿಟರಿನಲ್ಲಿ ಹಾರಿಸಿ ತೋರಿಸಲಿ, ಕೈಯಲ್ಲಿ ವಾಲಿಸುವ ಪರೀಕ್ಷೆ ಮಾಡಿ ತೋರಿಸಲಿ, ಗೈರೊ ಸೆಟ್ಟಿಂಗಿನ ಫೈಲ್ ಮತ್ತು ರಿಮೋಟಿನ ಎಲ್ಲ ಪುಟಗಳ ಫೋಟೊ ಕೊಡಲಿ, ಒಂದು ಬ್ಲೇಡ್ ಗ್ರಿಪ್ ಬಿಚ್ಚಿ ಸ್ಪಿಂಡಲ್ ತೋರಿಸಲಿ. ಯಾವುದಕ್ಕಾದರೂ ಒಪ್ಪದಿದ್ದರೆ ಬಿಡಿಭಾಗಗಳ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಮತ್ತು ಆ ಯಂತ್ರವನ್ನು ಬರೀ ಕಿಟ್ ಎಂದು ತಿಳಿದು ಮೊದಲ ಸ್ಕ್ರೂವಿನಿಂದ ಕಟ್ಟಿ.