"ಲೈಫ್‌ಟೈಮ್ ಅಕೌಂಟ್" ಅಂತ ಹಳೇ ಗೇಮ್ ಮಾರುವವರಿದ್ದಾರೆ, ಹುಷಾರು

ಮನೆಯಲ್ಲಿ ಪಿಎಸ್4 ಅಥವಾ ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ ಗೇಮ್ ಮೆಷಿನ್ ಇದೆಯಾ? ಚಿಕ್ಕಂದಿನಲ್ಲಿ ಆಡಿದ ಆಟಗಳನ್ನು ಹೊಸ ರೂಪದಲ್ಲಿ ಮತ್ತೆ ಆಡೋಣ ಅಂತ ಯೋಚನೆ ಇದೆಯಾ? ಹಾಗಾದರೆ ಇದನ್ನು ಪೂರ್ತಿ ಓದಿ. ಸೋಷಿಯಲ್ ಮೀಡಿಯಾದಲ್ಲಿ "ಡಿಜಿಟಲ್ ಗೇಮ್, ಲೈಫ್‌ಟೈಮ್ ವಾರಂಟಿ, ಕಾಲು ಭಾಗ ರೇಟು" ಅಂತ ಪೋಸ್ಟ್ ಹಾಕುವ ಪೇಜ್‌ಗಳಿವೆಯಲ್ಲ, ಅವರು ಮಾರುವುದು ಗೇಮನ್ನಲ್ಲ. ಬೇರೆ ಯಾರದೋ ಅಕೌಂಟಿನ ಪಾಸ್‌ವರ್ಡನ್ನು. ಅದನ್ನು ಯಾವಾಗ ಬೇಕಾದರೂ ವಾಪಸ್ ಕಿತ್ತುಕೊಳ್ಳಬಹುದು. ನನ್ನಿಂದ ಕಿತ್ತುಕೊಂಡರು.

ನನಗೆ ಬೇಕಾಗಿದ್ದದ್ದು ಕ್ರ್ಯಾಶ್ ಬ್ಯಾಂಡಿಕೂಟ್ ಎನ್. ಸೇನ್ ಟ್ರಿಲಜಿ ಅನ್ನುವ ಆಟಗಳ ಸೆಟ್. 1996, 1997, 1998ರಲ್ಲಿ ನಾಟಿ ಡಾಗ್ ಕಂಪನಿ ಮೊದಲ ಪ್ಲೇಸ್ಟೇಷನ್‌ಗೆ ಮಾಡಿದ ಮೂರು ಆಟಗಳು ಇದರಲ್ಲಿವೆ. ವಿಕೇರಿಯಸ್ ವಿಷನ್ಸ್ ಅನ್ನುವ ಸ್ಟುಡಿಯೋ ಮೂರನ್ನೂ ಹೊಸದಾಗಿ ಕಟ್ಟಿತು. 2017ರ ಜೂನ್ 30ರಂದು ಪಿಎಸ್4ಗೆ ಬಂತು. ಮರುವರ್ಷ ಎಕ್ಸ್‌ಬಾಕ್ಸ್, ಸ್ವಿಚ್ ಅನ್ನುವ ಬೇರೆ ಗೇಮ್ ಮೆಷಿನ್‌ಗಳಿಗೂ, ಕಂಪ್ಯೂಟರ್‌ಗೂ ಬಂತು.

ನಮ್ಮೂರಿನ ಗೇಮ್ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವನು ನಾನು. ಅಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ. ಇದ್ದರೂ ಮೊದಲ ಕ್ರ್ಯಾಶ್‌ನಲ್ಲಿ ಬೇಕೆಂದಾಗ ಸೇವ್ ಮಾಡುವ ಹಾಗಿರಲಿಲ್ಲ. ಬೋನಸ್ ಸುತ್ತು ಮುಗಿಸಬೇಕು, ಇಲ್ಲವೇ ಜೆಮ್ ಗೆಲ್ಲಬೇಕು, ಆಗಲೇ ಸೇವ್ ಆಯ್ಕೆ ಬರುತ್ತಿದ್ದದ್ದು. ಹಾಗಾಗಿ ಪ್ರತಿ ಸಲವೂ ಅದೇ ಸಮುದ್ರದ ದಂಡೆಯಿಂದ ಶುರು. ಅಂಗಡಿಯಣ್ಣ "ಟೈಮ್ ಆಯ್ತು, ಏಳೋ" ಅನ್ನುವಷ್ಟರಲ್ಲಿ ಹಗ್ಗದ ಸೇತುವೆ ಬರುತ್ತಿತ್ತು. ಕೊನೆಯವರೆಗೆ ಹೋದವರನ್ನು ನಾನು ಆ ಅಂಗಡಿಯಲ್ಲಿ ನೋಡಲೇ ಇಲ್ಲ. ಹೊಸ ಸೆಟ್‌ನಲ್ಲಿ ಸೇವ್ ತಾನಾಗೇ ಆಗುತ್ತದೆ. ಜೊತೆಗೆ ಸ್ಟಾರ್ಮಿ ಅಸೆಂಟ್ ಅನ್ನುವ ಲೆವೆಲ್ ಕೂಡ ಇದೆ. 1996ರಲ್ಲಿ ತೀರಾ ಕಷ್ಟ ಅಂತ ಕೈಬಿಟ್ಟಿದ್ದ ಲೆವೆಲ್ ಅದು. ಹಳೇ ಡಿಸ್ಕಿನಲ್ಲೇ ಅಡಗಿಕೊಂಡಿತ್ತು, ಆಟದಿಂದ ಅಲ್ಲಿಗೆ ದಾರಿ ಮಾತ್ರ ಇರಲಿಲ್ಲ. ಅದನ್ನು ಒಮ್ಮೆ ಆಡಬೇಕು ಅನ್ನುವ ಆಸೆ ನನಗೆ ಬಹಳ ಇತ್ತು.

ನಾನು ಹುಡುಕಿದ ಹೊತ್ತಿಗೆ ಹತ್ತಿರದ ಅಂಗಡಿಗಳಲ್ಲಿ ಡಿಸ್ಕ್ ಇರಲಿಲ್ಲ. ಆನ್‌ಲೈನ್‌ನಲ್ಲಿ ಇದ್ದವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಈ ಪೇಜ್. ಫಾಲೋವರ್ಸ್ ಸಾವಿರಗಟ್ಟಲೆ, "ಥ್ಯಾಂಕ್ಸ್ ಬ್ರೋ, ಸೂಪರ್ ಸರ್ವಿಸ್" ಅನ್ನುವ ಸ್ಕ್ರೀನ್‌ಶಾಟ್‌ಗಳು ರಾಶಿ ರಾಶಿ. ಮೆಸೇಜ್ ಮಾಡಿದರೆ ಎರಡೇ ನಿಮಿಷಕ್ಕೆ ಉತ್ತರ.

"ಬ್ರೋ, ಒಂದು ಸಲ ಕೊಟ್ರೆ ಲೈಫ್‌ಟೈಮ್. ನಿಮ್ ಯೂಸರ್‌ನಲ್ಲೇ ಆಡ್ಬಹುದು. ಟ್ರೋಫಿನೂ ನಿಮಗೇ ಬರುತ್ತೆ."

ಆಮೇಲೆ ಒಂದು ಹೆದರಿಕೆ. "ಹಳೇ ಕಲೆಕ್ಷನ್ ಎಲ್ಲಾ ಸ್ಟೋರ್‌ನಿಂದ ತೆಗೀತಾ ಇದಾರೆ ಬ್ರೋ, ಇವತ್ತೇ ತಗೊಳ್ಳಿ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಕೆಲಸ ಮಾಡುತ್ತದೆ. ನಿಂಟೆಂಡೋದ ಸೂಪರ್ ಮಾರಿಯೋ 3ಡಿ ಆಲ್ ಸ್ಟಾರ್ಸ್ ಅನ್ನುವ ಹಳೇ ಆಟಗಳ ಕಲೆಕ್ಷನ್ 2020ರ ಸೆಪ್ಟೆಂಬರ್ 18ಕ್ಕೆ ಬಂದು, 2021ರ ಮಾರ್ಚ್ 31ಕ್ಕೆ ಡಿಜಿಟಲ್ ಮಾರಾಟ ನಿಲ್ಲಿಸಿತು. ಮೊದಲೇ ಹೇಳಿ ಮಾಡಿದ್ದು ಅದು. 2022ರಲ್ಲಿ ಸೋನಿಕ್ ಆರಿಜಿನ್ಸ್ ಅನ್ನುವ ಕಲೆಕ್ಷನ್ ಬರುವುದಕ್ಕೆ ಒಂದು ತಿಂಗಳು ಮುಂಚೆ ಸೇಗಾ ಕಂಪನಿ ತನ್ನ ಕೆಲವು ಹಳೇ ಸೋನಿಕ್ ಆಟಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದುಹಾಕಿತು. ಆದರೆ ಕ್ರ್ಯಾಶ್‌ಗೆ ಹಾಗೇನೂ ಆಗಿರಲಿಲ್ಲ. ಸೋನಿಯ ಆನ್‌ಲೈನ್ ಸ್ಟೋರ್‌ನಲ್ಲಿ ಆರಾಮಾಗಿ ಕೂತಿತ್ತು, ಪೂರ್ತಿ ಬೆಲೆಗೆ.

ಯುಪಿಐನಲ್ಲಿ ದುಡ್ಡು ಹೋಯಿತು. ಒಂದು ಈಮೇಲ್, ಒಂದು ಪಾಸ್‌ವರ್ಡ್ ಬಂತು. ಜೊತೆಗೆ ಒಂದು ವಾಯ್ಸ್ ನೋಟ್. ಮೆಷಿನ್‌ನಲ್ಲಿ ಹೊಸ ಯೂಸರ್ (ಪ್ರೊಫೈಲ್) ಮಾಡಿ ಈ ಅಕೌಂಟಿನಲ್ಲಿ ಲಾಗಿನ್ ಆಗಿ, ಆಟ ಡೌನ್‌ಲೋಡ್‌ಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ "ನನ್ನ ಪ್ರೈಮರಿ ಪಿಎಸ್4" ಅಂತ ಒತ್ತಿ, ಆಮೇಲೆ ನಿಮ್ಮ ಯೂಸರ್‌ಗೆ ವಾಪಸ್ ಬನ್ನಿ, ಅಷ್ಟೇ. ಪಾಸ್‌ವರ್ಡ್ ಮಾತ್ರ ಬದಲಾಯಿಸಬೇಡಿ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾದರೆ ಮೋಸ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದು ಅಕೌಂಟಿಗೆ ಒಂದೇ ಪಿಎಸ್4 "ಪ್ರೈಮರಿ" ಆಗಲು ಸಾಧ್ಯ. ಆ ಮೆಷಿನ್‌ನಲ್ಲಿ ಇರುವ ಯಾವ ಯೂಸರ್ ಬೇಕಾದರೂ ಆ ಅಕೌಂಟಿನ ಆಟ ಆಡಬಹುದು, ಇಂಟರ್ನೆಟ್ ಇಲ್ಲದಿದ್ದರೂ ಸರಿ. ಮನೆಮಂದಿಯೆಲ್ಲ ಆಡಲಿ ಅಂತ ಮಾಡಿದ ಅನುಕೂಲ ಇದು. ಬೇರೆ ಮೆಷಿನ್‌ನಲ್ಲಿ ಆ ಅಕೌಂಟನ್ನೇ ತೆರೆದು ಆಡಬೇಕು, ನೆಟ್ ಕೂಡ ಇರಲೇಬೇಕು. ಇದಕ್ಕೆ ಇವರು "ಸೆಕೆಂಡರಿ" ಅಂತ ಹೆಸರಿಟ್ಟು ಇನ್ನೊಬ್ಬನಿಗೆ ಇನ್ನೂ ಕಡಿಮೆ ರೇಟಿಗೆ ಮಾರುತ್ತಾರೆ. ಪಿಎಸ್5ರ ಲೆಕ್ಕ ಬೇರೆ ಇರುವುದರಿಂದ ಅಲ್ಲೂ ಒಂದು ಪ್ರೈಮರಿ, ಒಂದು ಸೆಕೆಂಡರಿ. ಅಂದರೆ ಒಂದು ಆಟ ಕೊಂಡು ನಾಲ್ಕು ಜನಕ್ಕೆ ಮಾರಾಟ. ಅಲ್ಲಿಗೂ ನಿಲ್ಲುವುದಿಲ್ಲ. ಅಕೌಂಟಿನ ಒಡೆಯ ವೆಬ್‌ಸೈಟಿಗೆ ಹೋಗಿ ಎಲ್ಲ ಮೆಷಿನ್‌ಗಳನ್ನೂ ಒಂದೇ ಸಲಕ್ಕೆ ಕಳಚಿ ಹಾಕಬಹುದು. ಆರು ತಿಂಗಳಿಗೆ ಒಮ್ಮೆ ಈ ಅವಕಾಶ ಇದೆ. ಕಳಚಿದರೆ ನಾಲ್ಕು ಹೊಸ ಗಿರಾಕಿಗಳಿಗೆ ಜಾಗ ಖಾಲಿ! ಮನೆ ಮಾರಿದೆ ಅಂತ ದುಡ್ಡು ತಗೊಂಡು, ಇನ್ನೊಂದು ಕೀಲಿ ಜೇಬಿನಲ್ಲೇ ಇಟ್ಟುಕೊಂಡ ಹಾಗೆ.

ಆಟ ಮಾತ್ರ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಅನ್ಯಾಯ. ಕಾಡಿನ ಎಲೆಗಳು, ಕಥಾನಾಯಕ ಕ್ರ್ಯಾಶ್‌ನ ಕೂದಲು, ಅವನ ಮುಖಭಾವ ಎಲ್ಲಾ ಹೊಸದು, ಆದರೆ ಪೆಟ್ಟಿಗೆಗಳು, ಹಳ್ಳಗಳು ಹಳೇ ಜಾಗದಲ್ಲೇ ಇದ್ದವು. ಜಂಪ್ ಮಾತ್ರ ಹಳೆಯದಲ್ಲ. ಮೊದಮೊದಲು ನನ್ನ ಕೈಗೆ ವಯಸ್ಸಾಯಿತು ಅಂದುಕೊಂಡೆ. ಹಾಗಲ್ಲವಂತೆ. ಮೂರನೇ ಆಟದ ಜಂಪನ್ನು ಆಧಾರವಾಗಿಟ್ಟುಕೊಂಡು ಮೂರಕ್ಕೂ ಅದನ್ನೇ ಹೊಂದಿಸಿದ್ದಾರೆ. ಕ್ರ್ಯಾಶ್ ಮೇಲೆ ಹೋದವನು ಬೇಗ ಕೆಳಗೆ ಬೀಳುತ್ತಾನೆ. ಅವನ ದೇಹದ ಅಳತೆಯನ್ನು ಆಟ ಕ್ಯಾಪ್ಸೂಲ್ ಆಕಾರದಲ್ಲಿ ಲೆಕ್ಕ ಹಾಕುತ್ತದೆ. ಬುಡ ದುಂಡಗೆ, ಹಾಗಾಗಿ ಅಂಚಿನಲ್ಲಿ ಕಾಲಿಟ್ಟರೆ ಜಾರುತ್ತಾನೆ. ಆಟ ಬಂದ ಕೆಲವೇ ವಾರಗಳಲ್ಲಿ ಇದು ದೊಡ್ಡ ಚರ್ಚೆಯಾಗಿ, ಜಂಪ್‌ನಲ್ಲಿ ವ್ಯತ್ಯಾಸ ಇರುವುದು ನಿಜ ಅಂತ ಕಂಪನಿಯವರೇ ಒಪ್ಪಿಕೊಂಡರು. ಮೊದಲ ಆಟದ ಹಗ್ಗದ ಸೇತುವೆಗಳಲ್ಲಿ ಇದರ ಬಿಸಿ ಜಾಸ್ತಿ ತಟ್ಟುತ್ತದೆ. ರೋಡ್ ಟು ನೋವೇರ್ ಅನ್ನುವ ಲೆವೆಲ್ ಆಡಿದವರಿಗೆ ಗೊತ್ತು. ನಡುವಿನ ಹಲಗೆ ಬಿಟ್ಟು ಪಕ್ಕದ ಹಗ್ಗದ ಮೇಲೇ ನಡೆದುಹೋಗುವ ಹಳೇ ಕಳ್ಳದಾರಿ ಈಗಲೂ ಇದೆ. ನಾನಂತೂ ಅದರಲ್ಲೇ ದಾಟಿದ್ದು. ನಾಚಿಕೆ ಏನೂ ಇಲ್ಲ.

ಮೊದಲ ಆಟ ಮುಗಿಯುವ ಹಂತಕ್ಕೆ ಬಂದಿದ್ದೆ. ಒಂದು ಸಂಜೆ ಮೆಷಿನ್ ಆನ್ ಮಾಡಿದರೆ ಆಟದ ಚಿತ್ರದ ಪಕ್ಕ ಬೀಗದ ಗುರುತು. ಒತ್ತಿದರೆ ತೆರೆಯುವುದಿಲ್ಲ, ಲೈಸೆನ್ಸ್ ಇಲ್ಲ ಅನ್ನುತ್ತದೆ. ಕೊಟ್ಟಿದ್ದ ಪಾಸ್‌ವರ್ಡ್ ಕೂಡ ಬದಲಾಗಿತ್ತು.

ಆ ಪೇಜಿನವನಿಗೆ ಮೆಸೇಜ್ ಮಾಡಿದೆ. ಎರಡು ನಿಮಿಷಕ್ಕೆ ಉತ್ತರ ಕೊಡುತ್ತಿದ್ದವನು ಎರಡು ದಿನ ಸುಮ್ಮನಿದ್ದ. ಆಮೇಲೆ "ಸೋನಿ ಅಪ್ಡೇಟ್ ಬ್ರೋ, ಎಲ್ಲರಿಗೂ ಹೋಗಿದೆ" ಅಂದ. ಆಮೇಲೆ "ರೀ-ಆಕ್ಟಿವೇಷನ್ ಚಾರ್ಜ್" ಕೇಳಿದ. ಕೊಡುವುದಿಲ್ಲ ಅಂದಾಗ ಮಾತು ಇನ್ನೊಂದು ಕಡೆಗೆ ತಿರುಗಿತು. "ಹಾಗಾದ್ರೆ ನಿಮ್ ಸ್ವಂತ ಅಕೌಂಟಿಗೇ ಲೈಸೆನ್ಸ್ ಟ್ರಾನ್ಸ್‌ಫರ್ ಮಾಡ್ಕೊಡ್ತೀನಿ. ನಿಮ್ ಈಮೇಲ್, ಪಾಸ್‌ವರ್ಡ್, ಬರೋ ಓಟಿಪಿ ಕಳಿಸಿ."

ಇಲ್ಲಿ ದಯವಿಟ್ಟು ಗಮನ ಕೊಡಿ. ಒಂದು ಪ್ಲೇಸ್ಟೇಷನ್ ಅಕೌಂಟಿನಲ್ಲಿ ಕೊಂಡ ಆಟವನ್ನು ಇನ್ನೊಂದು ಅಕೌಂಟಿಗೆ ವರ್ಗಾಯಿಸುವ ವ್ಯವಸ್ಥೆಯೇ ಇಲ್ಲ. ಯಾರಿಂದಲೂ ಆಗುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಅಕೌಂಟು. ಅದರಲ್ಲಿ ನಾನು ವರ್ಷಗಳಿಂದ ಕೊಂಡ ಆಟಗಳಿದ್ದವು. ಅದು ಸಿಕ್ಕಿದ್ದರೆ ನನ್ನ ಆಟಗಳೇ ಇನ್ನು ನಾಲ್ಕು ಜನಕ್ಕೆ "ಲೈಫ್‌ಟೈಮ್" ಆಗಿಬಿಡುತ್ತಿದ್ದವು. ಅವನ ಗಿರಾಕಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬ ಹುಡುಗ ಓಟಿಪಿ ಕೊಟ್ಟೇಬಿಟ್ಟಿದ್ದ. ಅವನ ಅಕೌಂಟಿನ ಈಮೇಲ್ ವಿಳಾಸವನ್ನೇ ಬದಲಾಯಿಸಿದ್ದರು. ಅವನು ಗ್ರೂಪ್‌ನಲ್ಲಿ "ಅಣ್ಣ, ಪ್ಲೀಸ್ ಅಣ್ಣ" ಅಂತ ಬರೆಯುತ್ತಾ ಹೋದ. ಮೊದಲು ಅವನನ್ನು ತೆಗೆದುಹಾಕಿದರು, ಅವನ ಪರ ಮಾತಾಡಿದ್ದಕ್ಕೆ ನನ್ನನ್ನೂ.

ಸರಿ, ಆಟಕ್ಕೆ ಪಂಗನಾಮ, ಸೇವ್ ಆದರೂ ಉಳಿಯಿತಲ್ಲ ಅಂದುಕೊಂಡೆ. ಸೇವ್ ನನ್ನ ಯೂಸರ್‌ನಲ್ಲೇ ಇತ್ತು, ನಿಜ. ಸ್ವಲ್ಪ ದಿನಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಿತು. ಹಾಕಿದರೆ ಆಟ ಮೊದಲಿಂದ ಶುರು! ಕಾರಣ ಇಷ್ಟೇ. ಅವನು ಕೊಟ್ಟಿದ್ದದ್ದು ಅಮೆರಿಕದ ಅಕೌಂಟು, ನನ್ನ ಡಿಸ್ಕ್ ನಮ್ಮ ಕಡೆ ಬರುವ ಯುರೋಪ್ ಆವೃತ್ತಿ. ಪಿಎಸ್4ನಲ್ಲಿ ಒಂದೇ ಆಟಕ್ಕೆ ಪ್ರದೇಶವಾರು ಬೇರೆ ಬೇರೆ ಗುರುತಿನ ನಂಬರ್ ಇರುವುದು ಮಾಮೂಲು. ನಂಬರ್ ಬೇರೆ ಆದರೆ ಮೆಷಿನ್ ಲೆಕ್ಕದಲ್ಲಿ ಅದು ಬೇರೆಯೇ ಆಟ, ಸೇವ್ ಹೊಂದುವುದಿಲ್ಲ. ಎಷ್ಟೋ ವರ್ಷ ಆದಮೇಲೆ ಮತ್ತೆ ಸಮುದ್ರದ ದಂಡೆಯಿಂದ ಶುರು ಮಾಡಿದೆ. ಅದೊಂದು ನಗು ಬರುವ ವಿಷಯ, ಬಿಡಿ.

ದೂರು ಕೊಡಬೇಕು ಅನ್ನುವವರಿಗೆ: 1930ಕ್ಕೆ ಆದಷ್ಟು ಬೇಗ ಫೋನ್ ಮಾಡಿ, ಇಲ್ಲವೇ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹಾಕಿ. ಪಾವತಿಯ ರೆಫರೆನ್ಸ್ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್, ಪೇಜ್‌ನ ಹೆಸರು ಮೊದಲೇ ತೆಗೆದಿಟ್ಟುಕೊಳ್ಳಿ. ಅವರು ನಿಮ್ಮನ್ನು ಬ್ಲಾಕ್ ಮಾಡಿದ ಮೇಲೆ ಪೇಜ್ ಕಾಣಿಸುವುದೇ ಇಲ್ಲ. ನನಗೆ ದೂರಿನ ನಂಬರ್ ಬಂದಿದೆ, ದುಡ್ಡು ಬಂದಿಲ್ಲ. ನಾವೇ ಪಿನ್ ಒತ್ತಿ ಕಳಿಸಿದ ದುಡ್ಡಾದ್ದರಿಂದ ಬ್ಯಾಂಕಿನವರು ಸುಲಭಕ್ಕೆ ವಾಪಸ್ ಕೊಡಿಸುವುದಿಲ್ಲ. ಗೇಮ್ ಕಂಪನಿಗೆ ಹೇಳೋಣ ಅಂದರೆ ಅಕೌಂಟ್ ಮಾರುವುದೇ ಅವರ ನಿಯಮಕ್ಕೆ ವಿರುದ್ಧ. ಆ ದಾರಿಯೂ ಇಲ್ಲ.

ಈಗಾಗಲೇ ಇಂಥ ಅಕೌಂಟ್ ತಗೊಂಡು ಆಡುತ್ತಾ ಇರುವವರು ಒಂದೆರಡು ಕೆಲಸ ಇವತ್ತೇ ಮಾಡಿ. ಆ ಅಕೌಂಟಿನಲ್ಲಿ ನಿಮ್ಮ ಕಾರ್ಡ್ ವಿವರ ಹಾಕಿದ್ದರೆ ತೆಗೆಯಿರಿ. ವಾಲೆಟ್‌ಗೆ ದುಡ್ಡು ತುಂಬಬೇಡಿ. ನಿಮ್ಮ ಸ್ವಂತ ಅಕೌಂಟಿಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. "ನೆಟ್ ತೆಗೆದಿಟ್ಟರೆ ಬೀಗ ಬೀಳಲ್ಲ" ಅಂತ ಕೆಲವರು ಹೇಳುತ್ತಾರೆ. ನೆಟ್‌ಗೆ ಹಾಕುವವರೆಗೂ ಅದು ನಿಜ. ಆದರೆ ಒಂದು ಹಳೇ ಆಟಕ್ಕೋಸ್ಕರ ಮೆಷಿನ್ನನ್ನೇ ನೆಟ್‌ನಿಂದ ದೂರ ಇಡುವುದು ಎಷ್ಟು ದಿನ ಸಾಧ್ಯ?

ಡಿಸ್ಕ್ ಕೊಳ್ಳುವವರಿಗೂ ಒಂದು ಮಾತು. ಹಳೇ ಆಟಗಳ ಕಲೆಕ್ಷನ್ ಅಂದರೆ ಪೆಟ್ಟಿಗೆಯ ಮೇಲೆ ಬರೆದದ್ದೆಲ್ಲ ಒಳಗೆ ಇರುತ್ತದೆ ಅಂತಲ್ಲ. ಕ್ರ್ಯಾಶ್‌ನ ಪಿಎಸ್4 ಡಿಸ್ಕಿನಲ್ಲಿ ಮೂರೂ ಆಟ ಇವೆ. ಆದರೆ 2018ರಲ್ಲಿ ಬಂದ ಸ್ಪೈರೋ ರೀಇಗ್ನೈಟೆಡ್ ಟ್ರಿಲಜಿಯಲ್ಲಿ ಎರಡನೇ, ಮೂರನೇ ಆಟಕ್ಕೆ ಡೌನ್‌ಲೋಡ್ ಬೇಕು. ನೆಟ್ ನಿಧಾನ ಇರುವ ಊರಿನವರು ಯೋಚಿಸಿ ತಗೊಳ್ಳಿ. ಸ್ವಿಚ್‌ನವರು ಇನ್ನೂ ಹುಷಾರಾಗಿರಬೇಕು. ಅದೇ ವರ್ಷದ ಮೆಗಾ ಮ್ಯಾನ್ ಲೆಗಸಿ ಕಲೆಕ್ಷನ್ 1+2 ಪೆಟ್ಟಿಗೆಯಲ್ಲಿ ಕ್ಯಾಸೆಟ್‌ನಲ್ಲಿ ಇರುವುದು ಮೊದಲನೇ ಕಲೆಕ್ಷನ್ ಮಾತ್ರ, ಎರಡನೆಯದು ಡೌನ್‌ಲೋಡ್ ಕೋಡ್. ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದರೆ ಆ ಕೋಡ್ ಹಳೇ ಮಾಲೀಕ ಬಳಸಿಯೇ ಇರುತ್ತಾನೆ. ಎರಡರ ದುಡ್ಡು ಕೊಟ್ಟು ಒಂದು ತಂದ ಹಾಗೆ ಆಗುತ್ತದೆ. ಅಂಗಡಿಯಲ್ಲಿ "ಕೋಡ್ ಬಳಸಿಲ್ಲ ಸರ್" ಅಂದರೆ ಅಲ್ಲೇ ಹಾಕಿ ನೋಡಿ.

ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ಇರುವವರಿಗೆ ನಿಮ್ಮ ಸ್ವಂತ ಅಕೌಂಟಿನಲ್ಲಿ ಅಧಿಕೃತ ಸ್ಟೋರ್‌ನಿಂದ ಕೊಳ್ಳುವುದೇ ಸರಿಯಾದ ದಾರಿ. ಹಳೇ ಆಟಗಳಿಗೆ ಆಗಾಗ ಸೇಲ್ ಬರುತ್ತದೆ, ವಿಶ್‌ಲಿಸ್ಟ್‌ನಲ್ಲಿ ಹಾಕಿ ಕಾಯಿರಿ.

ನನಗೆ ಮಾರಿದ ಪೇಜ್ ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ ಅಂತ ಗ್ರೂಪ್‌ನಲ್ಲಿದ್ದ ಇನ್ನೊಬ್ಬರು ತಿಳಿಸಿದರು. ಹೆಸರು ನಾಳೆ ಮತ್ತೆ ಬದಲಾಗಬಹುದು, ಮಾತು ಬದಲಾಗುವುದಿಲ್ಲ. "ಪ್ರೈಮರಿ ಬೇಕಾ ಸೆಕೆಂಡರಿ ಬೇಕಾ", "ಪಾಸ್‌ವರ್ಡ್ ಬದಲಾಯಿಸಬೇಡಿ", "ಲೈಫ್‌ಟೈಮ್ ವಾರಂಟಿ". ಈ ಮೂರರಲ್ಲಿ ಒಂದು ಕೇಳಿಸಿದರೂ ಚಾಟ್ ಅಲ್ಲಿಗೇ ನಿಲ್ಲಿಸಿ.