ಕೋಕೋಪೀಟ್ ಇಟ್ಟಿಗೆಯೋ, ಅಮ್ಮನ ಸುಡುಮಣ್ಣೋ

ತಾರಸಿಯ ಗಿಡದ ಚಟ್ಟಿಗೆ ಎಂತ ತುಂಬಿಸುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಡುಮಣ್ಣಿಗೆ, ಅಂದರೆ ತರಗೆಲೆಯ ಜೊತೆ ಸುಟ್ಟ ಮಣ್ಣಿಗೆ. ಉಡುಪಿ ಕಡೆಯ ಶಿರ್ವದ ಹತ್ತಿರದ ತವರಿನಿಂದ ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತರುವಂಥದ್ದು. ಆದರೆ ಎರಡು ವರ್ಷ ಬೇರೆ ಎಲ್ಲವನ್ನೂ ದುಡ್ಡು ಕೊಟ್ಟು ನೋಡಿಯೇ ಇಲ್ಲಿಗೆ ಬಂದದ್ದು. ಮಂಗಳೂರಿನ ಕುಲಶೇಖರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ 22 ಚಟ್ಟಿಗಳುಂಟು. ಬಸಳೆ, ಹರಿವೆ, ಬೆಂಡೆ, ಅಲಸಂಡೆ, ಮತ್ತೆ ಅಮ್ಮ ಕೊಟ್ಟ ನಾಲ್ಕು ಮಲ್ಲಿಗೆ ಗಿಡ.

ಶುರುವಾದದ್ದು ನರ್ಸರಿಯ ರೆಡಿಮೇಡ್ ಚೀಲದಿಂದ. ಮನೆಗೆ ತಂದು ನೋಡಿದರೆ ಹಿಂದುಗಡೆ ಸಣ್ಣಕ್ಷರದಲ್ಲಿ ‘ಪೀಟ್ ಮಾಸ್’ ಎಂದಿತ್ತು. ಚಳಿದೇಶಗಳ ಜೌಗಿನಲ್ಲಿ ಪಾಚಿ ಅರೆಬರೆ ಕೊಳೆತು, ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಕೂಡಿದ್ದು ಅದು. ಒಂದು ಗೇಣು ಅಗೆದರೆ ಇನ್ನೂರು ವರ್ಷ ಹೋಯಿತು. ಭೂಮಿಯ ನೆಲದಲ್ಲಿ ಶೇ. 3ರಷ್ಟೇ ಇರುವ ಈ ಜೌಗು, ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿದೆ. ನನ್ನ ನಾಲ್ಕು ಬುಡ ಹರಿವೆಗೆ ಅದನ್ನು ಅಗೆದು ತರಿಸುವುದು ಎಂತಕ್ಕೆ? ಪೀಟ್ ಹೇಗೂ ಹುಳಿ, ಅಂದರೆ ಆಮ್ಲೀಯ; ನಮ್ಮ ಮುರಕಲ್ಲಿನ ಕೆಂಪು ಮಣ್ಣೂ ಹುಳಿ. ಆ ಚೀಲ ಅಲ್ಲಿಗೇ ಮುಗಿಯಿತು.

ಆಮೇಲೆ ಕೋಕೋಪೀಟ್. ಹೆಸರಿನಲ್ಲಿ ಪೀಟ್ ಇದ್ದರೂ ಅದು ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿ. ಆನ್‌ಲೈನಿನಲ್ಲಿ 5 ಕೆ.ಜಿ.ಯ ಎರಡು ಇಟ್ಟಿಗೆ ತರಿಸಿದೆ. ಬಂದದ್ದು ಪೊಳ್ಳಾಚಿ ಕಡೆಯಿಂದ. ತೆಂಗಿನ ಊರಿನಲ್ಲಿ ಕೂತು, ಸಿಪ್ಪೆಯನ್ನೆಲ್ಲ ಬಚ್ಚಲ ಒಲೆಗೆ ಹಾಕಿ ಬೆಳೆದವಳು, ಸಿಪ್ಪೆಯ ಹುಡಿಯನ್ನು ತಮಿಳುನಾಡಿನಿಂದ ತರಿಸಿದ್ದೇನೆಂದು ಅಮ್ಮನಿಗೆ ಹೇಳಲೇ ಇಲ್ಲ.

ಇಟ್ಟಿಗೆ ನೆನೆದು ಉಬ್ಬುವುದನ್ನು ನೋಡುವುದು ಚಂದ. ಒಂದೇ ಇಟ್ಟಿಗೆ 60 ಲೀಟರಿಗೂ ಮೇಲೆ ಆಯಿತು. ಹಗುರ, ತಾರಸಿಗೆ ಹೊತ್ತುಕೊಂಡು ಹೋಗಲು ಸುಲಭ. ಖುಷಿಯಲ್ಲಿ ಆ ದಿನವೇ ಹರಿವೆ ಬೀಜ ಹಾಕಿದೆ. ಮೊಳಕೆ ಬಂತು, ಎರಡೆಲೆ ಬಂತು, ಆಮೇಲೆ ಎಲೆಯ ಅಂಚೆಲ್ಲ ಬೆಂಕಿ ತಾಗಿದ ಹಾಗೆ ಕಂದಿತು. ನೀರು ಕಡಿಮೆಯಾಯಿತೇನೋ ಎಂದು ಇನ್ನಷ್ಟು ಹೊಯ್ದೆ. ಬಸಳೆಯೂ ಮುರುಟಿತು.

ಸಂಗತಿ ಉಪ್ಪಿನದ್ದು. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಶ್, ಸೋಡಿಯಂ ತಾನಾಗಿಯೇ ಜಾಸ್ತಿ. ಸಿಪ್ಪೆಯನ್ನು ಹಿನ್ನೀರಿನ ಅರೆ ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಇನ್ನೂ ಜಾಸ್ತಿ. ತೊಳೆದ ಹುಡಿಯ ಪ್ಯಾಕೆಟಿನ ಮೇಲೆ ‘ಲೋ ಇಸಿ’ ಎಂದು, ಅಂದರೆ ಉಪ್ಪು ಕಡಿಮೆ ಎಂದು, ಬರೆದಿರುತ್ತಾರೆ. ನಾನು ತರಿಸಿದ್ದು ಅಗ್ಗದ್ದು, ಅದರ ಮೇಲೆ ತೆಂಗಿನಮರದ ಚಿತ್ರ ಬಿಟ್ಟರೆ ಎಂತದ್ದೂ ಇರಲಿಲ್ಲ.

ಸರಿ, ತೊಳೆಯುವ ಎಂದು ಹೊರಟೆ. ಅದು ಏಪ್ರಿಲ್, ತುಂಬೆ ಡ್ಯಾಮಿನ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಸಮಯ. ಒಂದು ಸಲ ತೊಳೆದರೆ ಹಾಲು ಹಾಕದ ಚಹಾದಂಥ ನೀರು. ಎರಡನೆಯ ಸಲವೂ ಅದೇ. ಹಳೆಯ ಪಂಚೆಯಲ್ಲಿ ಕಟ್ಟಿ ಹಿಂಡಿ, ಮೂರನೆಯ ಸಲ ತೊಳೆಯುವಾಗ ಕೆಳಗಿನಿಂದ ಮನೆಯ ಓನರ್ ಆಂಟಿ ಕೂಗಿದರು: “ಮೇಲೆ ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?” ತಾರಸಿಯ ಪೈಪಿನಿಂದ ಇಳಿದ ಕಂದು ನೀರು ಅವರ ಒಣಹಾಕಿದ ಬಿಳಿ ಬೆಡ್‌ಶೀಟಿಗೆ ಹಾರಿತ್ತು. ಆ ಕಲೆ ಹೋಗುವುದಿಲ್ಲ, ನಾನೇ ತಿಕ್ಕಿ ನೋಡಿದ್ದೇನೆ. ಹೊಸ ಬೆಡ್‌ಶೀಟಿಗೆ 650 ರೂಪಾಯಿ. ಇಟ್ಟಿಗೆಗಿಂತ ಜಾಸ್ತಿ!

ತೊಳೆದ ಮೇಲೆ ಗಿಡಗಳು ಬದುಕಿದವು, ಸುಳ್ಳು ಹೇಳಬಾರದು. ಆದರೆ ಆ ಹುಡಿಯಲ್ಲಿ ಗಿಡಕ್ಕೆ ತಿನ್ನಲು ಹೆಚ್ಚೇನಿಲ್ಲ, ಗೊಬ್ಬರ ಬೇರೆಯೇ ಹಾಕಬೇಕು. ಮಳೆಗಾಲದಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ಬೆರಳು ಹಾಕಿದರೆ ಒಳಗೆ ಪಚಪಚ.

ಎರೆಹುಳು ಗೊಬ್ಬರ ಒಳ್ಳೆಯದೇ, ಆದರೆ ಅದು ಊಟ, ಮನೆಯಲ್ಲ. ಅದರಲ್ಲೇ ಚಟ್ಟಿ ತುಂಬಿಸಿದರೆ ಜೂನಿನ ಮಳೆಗೆ ಕೆಸರಾಗಿ ಕೂತುಬಿಡುತ್ತದೆ. ಪ್ಯಾಕೆಟಿನದ್ದು ಕೊಳ್ಳುವುದಾದರೆ ಒಂದು ಮುಷ್ಟಿ ನೀರಿಗೆ ಹಾಕಿ ಕದಡಿ. ನನ್ನ ಲೋಟದ ತಳದಲ್ಲಿ ಅರ್ಧ ಇಂಚು ಹೊಯಿಗೆ, ಅಂದರೆ ಮರಳು, ನಿಂತಿತ್ತು.

ಇನ್ನು ಸುಡುಮಣ್ಣು. ಬೇಸಗೆಯಲ್ಲಿ ತರಗೆಲೆ, ಸಣ್ಣ ಕಡ್ಡಿಗಳನ್ನು ಒಟ್ಟಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು, ಒಳಗೊಳಗೇ ಹೊಗೆಯಾಡಬೇಕು. ಕಳೆಯ ಬೀಜ, ಹುಳು ಸಾಯುತ್ತವೆ, ಬೂದಿ ಸೇರಿ ಮಣ್ಣಿನ ಹುಳಿ ತಗ್ಗುತ್ತದೆ. ಶಂಕರಪುರ ಸುತ್ತಿನಲ್ಲಿ ಮಲ್ಲಿಗೆಯ ಬುಡಕ್ಕೆ ಇದನ್ನು ಹಾಕುವುದು ನಾನು ಚಿಕ್ಕಂದಿನಿಂದ ನೋಡಿದ್ದು. ಸುಟ್ಟಾಗ ಸಾರಜನಕ ಹೋಗುವುದರಿಂದ ಜೊತೆಗೆ ದನದ ಹಟ್ಟಿಯ ಗೊಬ್ಬರ ಬೇಕೇ ಬೇಕು. ನನ್ನ ಲೆಕ್ಕ: ಸುಡುಮಣ್ಣು ಎರಡು ಬುಟ್ಟಿ, ಹಟ್ಟಿ ಗೊಬ್ಬರ ಒಂದು, ಅಡುಗೆಮನೆಯ ಕಸ ಕೊಳೆಸಿದ್ದು ಒಂದು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯಲ್ಲಿದ್ದ ಮಂಗಳೂರಿನ ಕಸದ ರಾಶಿ ಪಕ್ಕದ ಮಂದಾರ ಎಂಬ ಊರಿನ ತೋಟಗಳ ಮೇಲೆ ಜಾರಿಬಂದದ್ದನ್ನು ನೋಡಿದ ಮೇಲೆ ಹಸಿಕಸವನ್ನು ನಾವು ಮನೆಯಲ್ಲೇ ಡ್ರಮ್ಮಿಗೆ ಹಾಕುತ್ತೇವೆ.

ಇದಕ್ಕೂ ಕಿರಿಕಿರಿ ಇಲ್ಲದಿಲ್ಲ. ಭಾರ. ಹೊಗೆಯ ಕೆಲಸವಾದ್ದರಿಂದ ಪೇಟೆಯಲ್ಲಿ ಮಾಡಲಾಗದು. ಹಟ್ಟಿ ಗೊಬ್ಬರದಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ, ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳು, ಇರುತ್ತದೆ, ಆರಿಸಬೇಕು. ಕಂಡಕ್ಟರಿಗೆ ಗೋಣಿಯ ಲಗೇಜು ಬೇರೆ. ಹಳ್ಳಿಯಲ್ಲಿ ಯಾರೂ ಇಲ್ಲದವರು ‘ಲೋ ಇಸಿ’ ಇಟ್ಟಿಗೆಯನ್ನೇ ನೂರಿನ್ನೂರು ಜಾಸ್ತಿ ಕೊಟ್ಟು ತನ್ನಿ, ಅಗ್ಗದ್ದು ಬೇಡ. ತಿಂಗಳಿಗೊಮ್ಮೆ ಹೇಗೂ ತವರಿಗೆ ಹೋಗುವ ನನಗೆ ಗೋಣಿಯೇ ಸರಿ.

ನನ್ನ ಎರಡನೆಯ ಇಟ್ಟಿಗೆ ಇನ್ನೂ ಒಡೆದಿಲ್ಲ. ತಾರಸಿಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟಿದ್ದೇನೆ. ಮೊನ್ನೆ ಬಂದಾಗ ಅಮ್ಮ ಅದನ್ನು ಎತ್ತಿ ನೋಡಿ, “ಇದೆಂತ, ಸಿಪ್ಪೆ ಹುಡಿಯಾ? ಇದಕ್ಕೂ ದುಡ್ಡು ಕೊಟ್ಟೆಯಾ?” ಎಂದರು.